ಸೊಂಟನೋವಿಗೆ ಕೈರೋಪ್ರಾಕ್ಟಿಕ್: ಕೆಲವು ವರ್ಷ ಹೋಗಿಬಂದ ಮೇಲೆ, 5ಕ್ಕೆ ಮೂರೂವರೆ ಸ್ಟಾರ್

ನಾನಿರುವುದು ಷಿಕಾಗೋ ಹತ್ತಿರ, ದಿನವಿಡೀ ಕುರ್ಚಿ ಮೇಲಿನ ಕೆಲಸ. ಸೊಂಟ ಹಿಡಿದಾಗಲೆಲ್ಲ ಮನೆ ಪಕ್ಕದ ಒಂದು ಕೈರೋಪ್ರಾಕ್ಟಿಕ್ (ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸೆ) ಕ್ಲಿನಿಕ್ಕಿಗೆ ಹೋಗುತ್ತೇನೆ. ಅವರ ಕೈಗೆ ಪೂರ್ತಿ ಅಂಕ, ಬಾಯಿಗೆ ಅರ್ಧ.

ಇವರ ಮುಖ್ಯ ಚಿಕಿತ್ಸೆ ಅಡ್ಜಸ್ಟ್‌ಮೆಂಟ್. ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲು ಮಡಿಸಿ, ಭುಜ ಹಿಂದಕ್ಕೆ, ಸೊಂಟ ಮುಂದಕ್ಕೆ ತಿರುಗಿಸಿ, ಉಸಿರು ಬಿಡುವ ಹೊತ್ತಿಗೆ ಗಬಕ್ಕನೆ ಒಂದು ಒತ್ತು. ಲಟಕ್! ಮೂಳೆ ಜಾಗಕ್ಕೆ ಕೂತಿತು ಅಂದುಕೊಳ್ಳಬೇಡಿ. ಅದು ಕೀಲಿನ ದ್ರವದಲ್ಲಿರುವ ಅನಿಲದ ಆಟ, ಬೆರಳಿನ ನೆಟಿಗೆ ಮುರಿದ ಹಾಗೆ. ಸದ್ದು ಬರದಿದ್ದರೂ ನಷ್ಟವಿಲ್ಲ. ಇದಕ್ಕೆ ಹೆದರುವವರಿಗೆ ಆಕ್ಟಿವೇಟರ್ ಎಂಬ ಸ್ಪ್ರಿಂಗ್ ಸಾಧನವಿದೆ, ಬೆನ್ನ ಮೇಲಿಟ್ಟು ಟಕ್ ಎನಿಸುತ್ತಾರೆ. ನನಗೆ ಕೈಯೇ ವಾಸಿ. ಎದ್ದ ಕೂಡಲೇ ಬಗ್ಗಿ ಷೂ ಲೇಸ್ ಕಟ್ಟಿಕೊಳ್ಳಲು ಆಗುತ್ತದೆ. ಹೊಸದಾಗಿ ಬಂದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳಲ್ಲಿ ಇದನ್ನೂ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2017ರಲ್ಲಿ ಸೇರಿಸಿದೆ.

ಆಮೇಲೆ ಶುರುವಾಗುತ್ತದೆ ‘ಸಬ್‌ಲಕ್ಸೇಶನ್’ ಪುರಾಣ. ವೈದ್ಯರ ಪ್ರಕಾರ ಅದು ಎಕ್ಸ್‌ರೇಯಲ್ಲಿ ಕಾಣುವಷ್ಟು ಕೀಲು ಜರುಗಿರುವುದು. ಇಲ್ಲಿ ಮಾತ್ರ ಬೆನ್ನೆಲುಬು ತುಸು ವಾಲಿದರೂ ನರ ಅದುಮಿ ಊರಿನ ಕಾಯಿಲೆಯೆಲ್ಲ ಬರುತ್ತದೆಂಬ ವಾದ. ಗೋಡೆಯ ಚಾರ್ಟಿನಲ್ಲಿ ಒಂದು ಮೂಳೆಗೆ ಆಸ್ತಮಾ, ಇನ್ನೊಂದಕ್ಕೆ ಆಸಿಡಿಟಿ! ಇದಕ್ಕೆ ಪುರಾವೆಯಿಲ್ಲ. ಈ ಪದ್ಧತಿ ಹುಟ್ಟುಹಾಕಿದ ಡಿ.ಡಿ. ಪಾಮರ್ 1895ರಲ್ಲಿ ಅಯೋವಾದ ಡೇವನ್‌ಪೋರ್ಟಿನಲ್ಲಿ ಹಾರ್ವಿ ಲಿಲ್ಲಾರ್ಡ್ ಎಂಬವನ ಬೆನ್ನು ಒತ್ತಿ ಕಿವುಡು ವಾಸಿಮಾಡಿದೆ ಎಂದಿದ್ದ. ಕಿವಿಯ ನರ ಬೆನ್ನೆಲುಬಿನ ದಾರಿ ಹಿಡಿಯುವುದೇ ಇಲ್ಲ, ನೇರ ಮಿದುಳಿಗೆ ಹೋಗುತ್ತದೆ.

ನೋವು ಹೋದ ಮೇಲೂ ಬನ್ನಿ ಎನ್ನುವುದಕ್ಕೆ ಮೇಂಟೆನೆನ್ಸ್ ಕೇರ್ ಅಂತ ಹೆಸರು. ವರ್ಷದ ಪ್ಯಾಕೇಜ್ ಮುಂದಿಟ್ಟರು, ನಾನು ಬೇಡವೆಂದೆ. ಇಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೂಡ ಬೆನ್ನೆಲುಬಿನ ಅಡ್ಜಸ್ಟ್‌ಮೆಂಟಿಗೆ ದುಡ್ಡು ಕೊಡುತ್ತದೆಯೇ ಹೊರತು ಈ ಮೇಂಟೆನೆನ್ಸಿಗೆ ಕೊಡುವುದಿಲ್ಲ, ಇವರು ಬರೆದುಕೊಡುವ ಎಕ್ಸ್‌ರೇಗೂ ಇಲ್ಲ.

ಕುತ್ತಿಗೆ ತಿರುಗಿಸಲು ನಾನು ಬಿಡುವುದಿಲ್ಲ. ಅಪರೂಪಕ್ಕೆ ಅಲ್ಲಿನ ರಕ್ತನಾಳ ಸೀಳಿ ಲಕ್ವ ಹೊಡೆದದ್ದುಂಟು. ಮೂಳೆ ಸವೆದ ಅಪ್ಪ-ಅಮ್ಮನನ್ನು ಕರೆದೊಯ್ಯುವ ಮುನ್ನ ಅವರ ಡಾಕ್ಟರನ್ನು ಕೇಳಿ. ಕಾಲು ಜೋಮು ಹಿಡಿದು ಮೂತ್ರ ಹಿಡಿತ ತಪ್ಪಿದರೆ ಇಲ್ಲಿಗೆ ಬರಲೇಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.