ಸಿವಿಟಿ ಕಾರಿಗೆ ಆಯಿಲ್ ಹಾಕಿಸುವ ಮುಂಚೆ ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ತಗೊಂಡವರು, ತಗೋಬೇಕು ಅಂತಿರುವವರು ದಯವಿಟ್ಟು ಓದಿ. ತಪ್ಪು ಆಯಿಲ್ ಹಾಕಿಸಿ ನನ್ನ ಕಾರಿನ ಸಿವಿಟಿ, ಅಂದರೆ ಒಂದು, ಎರಡು ಅಂತ ಗೇರ್ ಹಂತಗಳಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೋಯಿತು. ಖರ್ಚು ಲಕ್ಷ ದಾಟಿತು.

ಬಳ್ಳಾರಿಯಲ್ಲಿ ಮನೆ ಹತ್ತಿರದ ಗ್ಯಾರೇಜಿನಲ್ಲೇ ಗೇರ್ ಆಯಿಲ್ ಬದಲಿಸಿದೆ. "ಸಿವಿಟಿಗೆ ಎಟಿಎಫ್ ಸಾಕು ಸರ್, ಮೊನ್ನೆ ಟೊಯೋಟಾ ಹೈಬ್ರಿಡ್‌ಗೂ ಅದನ್ನೇ ಹಾಕಿದ್ವಿ" ಅಂದರು. ಎಟಿಎಫ್ ಅಂದರೆ ಸಾಮಾನ್ಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಹೈಬ್ರಿಡ್ ಅಂದರೆ ಎಂಜಿನ್ ಜೊತೆ ವಿದ್ಯುತ್ ಮೋಟರ್ ಕೂಡ ಇರುವ ಕಾರು. ಅವರು ಸುಳ್ಳು ಹೇಳಲಿಲ್ಲ. ಆ ಹೈಬ್ರಿಡ್‌ಗೆ ಎಟಿಎಫ್ಫೇ ಸರಿ. ಆದರೆ ಅದರ ಸಿವಿಟಿ ಬೇರೆ, ನನ್ನದು ಬೇರೆ. ಹೆಸರು ಮಾತ್ರ ಒಂದೇ. ಇದು ನನಗೆ ತಿಳಿದದ್ದು ದುಡ್ಡು ಹೋದ ಮೇಲೆ.

ಹೈಬ್ರಿಡ್‌ನ ಸಿವಿಟಿಗೆ ಇ-ಸಿವಿಟಿ ಅನ್ನುತ್ತಾರೆ, ಅದರಲ್ಲಿ ಬೆಲ್ಟೇ ಇಲ್ಲ. ಎಂಜಿನ್ನನ್ನೂ ಎರಡು ಮೋಟರ್‌ಗಳನ್ನೂ ಪ್ಲಾನೆಟರಿ ಗೇರ್ (ನಡುವಿನ ಗೇರಿನ ಸುತ್ತ ಸಣ್ಣ ಗೇರ್‌ಗಳಿರುವ ಜೋಡಣೆ) ಜೋಡಿಸುತ್ತದೆ. ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುವುದರಿಂದ ಜಾರುವ ಮಾತಿಲ್ಲ. ನನ್ನ ಕಾರಿನಲ್ಲಿದ್ದದ್ದು ಉಕ್ಕಿನ ಪುಶ್ ಬೆಲ್ಟ್. ನೂರಾರು ಸಣ್ಣ ಉಕ್ಕಿನ ತುಂಡುಗಳನ್ನು ಪೋಣಿಸಿದ ಬೆಲ್ಟ್ ಅದು. ಎರಡು ಪುಲ್ಲಿಗಳ ನಡುವೆ ಓಡುತ್ತದೆ. ಪುಲ್ಲಿಯ ಇಳಿಜಾರಾದ ಎರಡು ಹೋಳು ಹತ್ತಿರ ಬಂದರೆ ಬೆಲ್ಟ್ ಮೇಲೇರುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ. ಇಲ್ಲಿ ಹಲ್ಲಿಲ್ಲ, ಬರೀ ಹಿಡಿತ. ಸಿವಿಟಿ ಫ್ಲೂಯಿಡ್ ಸವೆತ ತಡೆಯಬೇಕು, ಜೊತೆಗೆ ಉಕ್ಕು ಉಕ್ಕನ್ನು ಹಿಡಿಯಲೂ ಬಿಡಬೇಕು. ಸಾಮಾನ್ಯ ಎಟಿಎಫ್ ಆ ಕೆಲಸಕ್ಕೆ ಮಾಡಿದ್ದಲ್ಲ. ಸುಬಾರು, ಆಡಿ ಕಾರುಗಳಲ್ಲಿ ಬಂದ ಚೈನ್ ಸಿವಿಟಿಯೂ ಹಿಡಿತದ ಮೇಲೆಯೇ ನಡೆಯುತ್ತದೆ. ಅಲ್ಲಿ ಚೈನ್ ಎಳೆಯುತ್ತದೆ, ಇಲ್ಲಿ ಬೆಲ್ಟ್ ತಳ್ಳುತ್ತದೆ. ಸ್ಕೂಟರ್‌ನಲ್ಲಿ ಇರುವುದೂ ಸಿವಿಟಿಯೇ, ಆದರೆ ಅದರದು ಒಣ ರಬ್ಬರ್ ಬೆಲ್ಟ್.

ಆಯಿಲ್ ಬದಲಿಸಿದ ಕೆಲವೇ ದಿನಕ್ಕೆ ಸಿಗ್ನಲ್‌ನಲ್ಲಿ ಕಾರು ಎತ್ತುವಾಗ ನಡುಕ ಶುರುವಾಯಿತು. "ಸಿವಿಟಿ ಅಂದ್ರೆ ಹಾಗೇ" ಅಂದರು ಗ್ಯಾರೇಜಿನವರು, ನಾನೂ ನಂಬಿದೆ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಮೊದಲು ಏರಿ ವೇಗ ಆಮೇಲೆ ಬರುವುದು ಸಿವಿಟಿಯ ಸಹಜ ಗುಣ. ಆದರೆ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಸುಮ್ಸುಮ್ನೆ ಆರ್‌ಪಿಎಂ ಜಿಗಿದರೆ ಅದು ಬೆಲ್ಟ್ ಜಾರುತ್ತಿರುವ ಗುರುತಾಗಿರಬಹುದು. ಆಗಲೇ ನಿಲ್ಲಿಸಿ ತೋರಿಸಬೇಕಿತ್ತು.

ನಾನು ನಿಲ್ಲಿಸಲಿಲ್ಲ. ಹೊಸಪೇಟೆ ಕಡೆ ಹೊರಟಿದ್ದೆ, ಮೇ ತಿಂಗಳ ಮಧ್ಯಾಹ್ನ. ನಮ್ಮೂರ ಬಿಸಿಲು ಗೊತ್ತಲ್ವಾ? ಕುಡತಿನಿ ದಾಟಿದ ಮೇಲೆ ಕಾರು ಎಳೆಯುವುದನ್ನೇ ಬಿಟ್ಟಿತು. ಹಿಂದೆ ಅದಿರಿನ ಲಾರಿಗಳ ಸಾಲು, ಪಕ್ಕದಲ್ಲಿ ಹೆಂಡತಿ, ಮಗು. ಆ ಭಯ ಇನ್ನೂ ಹೋಗಿಲ್ಲ.

ಅಲ್ಲಿ ಇನ್ನೊಂದು ತಪ್ಪು ಮಾಡಿದೆ. ಪುಣ್ಯಾತ್ಮರೊಬ್ಬರು ಹಗ್ಗ ಕಟ್ಟಿ ಬಳ್ಳಾರಿವರೆಗೂ ಎಳೆದುಕೊಂಡು ಬಂದರು. ಎಂಜಿನ್ ಆಫ್ ಇದ್ದರೆ ಗೇರ್‌ಬಾಕ್ಸಿನ ಆಯಿಲ್ ಪಂಪ್ ತಿರುಗುವುದಿಲ್ಲ. ಮುಂದಿನ ಚಕ್ರ ಉರುಳುತ್ತಿದ್ದರೆ ಒಳಗಿನ ಪುಲ್ಲಿ ಮಾತ್ರ ಎಣ್ಣೆಯ ಒತ್ತಡವಿಲ್ಲದೆ ತಿರುಗುತ್ತದೆ. ಬಿಚ್ಚಿದಾಗ ಪುಲ್ಲಿ ಮೇಲೆಲ್ಲ ಗೀರು, ಕೆಳಗಿನ ಆಯಸ್ಕಾಂತಕ್ಕೆ ಉಕ್ಕಿನ ಪುಡಿ ಮೆತ್ತಿಕೊಂಡಿತ್ತು.

ನಿಮ್ಮ ಕಾರಿನಲ್ಲಿ ಯಾವ ಬಗೆಯ ಸಿವಿಟಿ ಇದೆ ಅಂತ ಮೊದಲು ಕೇಳಿ. ಮ್ಯಾನುಯಲ್‌ನಲ್ಲಿ ಫ್ಲೂಯಿಡ್‌ನ ಪೂರ್ತಿ ಹೆಸರು ಇರುತ್ತದೆ, ಅದನ್ನು ಮೊಬೈಲ್‌ನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ. ಡಬ್ಬಿ ನಿಮ್ಮ ಕಣ್ಣೆದುರೇ ತೆರೆಸಿ. ದಾರಿಯಲ್ಲಿ ಕೆಟ್ಟರೆ ಹಗ್ಗ ಬೇಡ, ಎಷ್ಟು ಹೊತ್ತಾದರೂ ಸರಿ, ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ.