ಅಪಾಯದ ಅಂದಾಜೋ, ಕೂದಲೆಳೆಯಲ್ಲಿ ತಪ್ಪಿದ್ದರ ವರದಿಯೋ?

ಸೇನಾ ಯೂನಿಟ್‌ನಲ್ಲಿ ಸುರಕ್ಷತೆಯ ಹೊಣೆ ಹೊತ್ತವರು ಮೊದಲು ಯಾವುದನ್ನು ಶುರು ಮಾಡಬೇಕು?

ಅಂದಾಜು ಅಂದರೆ ಕೆಲಸಕ್ಕೆ ಮುಂಚೆಯೇ ಕೂತು, ಏನು ಕೆಡಬಹುದು, ಕೆಡುವ ಸಾಧ್ಯತೆ ಎಷ್ಟು, ಕೆಟ್ಟರೆ ಪೆಟ್ಟು ಎಷ್ಟು ಅಂತ ಪಟ್ಟಿ ಬರೆಯುವುದು. 2019ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನದ ಪಾರ್ಕಿಂಗ್‌ನಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು. ಎಲ್ಲರ ಕಣ್ಣು ಆಕಾಶದ ಕಡೆ ಇರುವಾಗ ನೆಲದ ಒಣಹುಲ್ಲನ್ನೂ ಲೆಕ್ಕಕ್ಕೆ ತರಬೇಕಾದ್ದು ಇಂಥ ಪಟ್ಟಿಯೇ.

ವರದಿ ಅಂದರೆ ಅಪಘಾತ ಕೂದಲೆಳೆಯಲ್ಲಿ ತಪ್ಪಿದಾಗ ಅದನ್ನು ಕಂಡವರೇ ಬಂದು ಹೇಳುವುದು. ಅದಕ್ಕೆ ನಂಬಿಕೆ ಬೇಕು. ರಾತ್ರಿ ಕಾನ್ವಾಯ್‌ನಲ್ಲಿ, ಅಂದರೆ ಸಾಲಾಗಿ ಸಾಗುವ ಸೇನಾ ಗಾಡಿಗಳಲ್ಲಿ, ತೂಕಡಿಸಿದ ಚಾಲಕ ತಾನೇ ಹೇಳಿಕೊಂಡರೆ ಡ್ಯೂಟಿ ಸಮಯ ಬದಲಿಸಬಹುದು. ಬೈಗುಳ ಸಿಕ್ಕರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ, ಅಲ್ವಾ?

ಹೊಸ ಜಾಗ, ಹೊಸ ಕೆಲಸವಾದರೆ ಅಂದಾಜು ಮೊದಲು. ದಿನವೂ ಅದೇ ಗಾಡಿ, ಅದೇ ರಸ್ತೆಯಾದರೆ ನಾನು ವರದಿಯನ್ನೇ ಆರಿಸುತ್ತೇನೆ. ಅಲ್ಲಿ ಪಟ್ಟಿಗೆ ಸುಮ್ನೆ ಟಿಕ್ ಹಾಕುವುದೇ ಜಾಸ್ತಿ.