ಶಿಸ್ತು ಸಮಿತಿಗೆ ದೂರು ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಯೂನಿವರ್ಸಿಟಿಯಲ್ಲಿ ಯಾರ ಮೇಲಾದರೂ ದೂರು ಕೊಡಬೇಕು ಅಂತಿದ್ದೀರಾ? ಅವರು ಏನು ಮಾಡಿದರು ಅನ್ನುವುದು ಆಮೇಲೆ. ದಾಖಲೆಯಲ್ಲಿ ಅವರು ಯಾರು ಅಂತ ಮೊದಲು ತಿಳಿದುಕೊಳ್ಳಿ. ನನ್ನ ದೂರು ಬಿದ್ದುಹೋಗಿದ್ದು ಅಲ್ಲೇ.

ನಮ್ಮ ಲ್ಯಾಬಿನಲ್ಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಇದ್ದ. ನಮಗೆ ಪ್ರಾಕ್ಟಿಕಲ್ಸ್ ನಡೆಸುತ್ತಿದ್ದವನೂ ಅವನೇ, ರೆಕಾರ್ಡ್ ನೋಡಿ ಮಾರ್ಕ್ಸ್ ಹಾಕುತ್ತಿದ್ದವನೂ ಅವನೇ. ನಾನು ತಿಂಗಳುಗಟ್ಟಲೆ ಕೂತು ತೆಗೆದ ರೀಡಿಂಗ್‌ಗಳನ್ನು ತನ್ನದೇ ಅಂತ ಥೀಸಿಸ್‌ಗೆ ಹಾಕಿಕೊಂಡ. ಕೇಳಿದರೆ, ಇಂಟರ್ನಲ್ಸ್ ನನ್ನ ಕೈಯಲ್ಲಿದೆ ನೋಡ್ಕೋ ಅಂದ. ಅದನ್ನೂ ಮೆಸೇಜಿನಲ್ಲೇ ಬರೆದ, ಪುಣ್ಯಾತ್ಮ!

ಸಾಕ್ಷಿ ಇಷ್ಟು ಗಟ್ಟಿಯಾಗಿದೆಯಲ್ಲ, ಇನ್ನೇನು ಬೇಕು ಅಂತ ಯಾರಿಗಾದರೂ ಅನಿಸುತ್ತೆ. ಶಿಸ್ತು ಸಮಿತಿಯವರು, ಬೆದರಿಕೆ ಹಾಕಿದ್ದು ಪಾಠ ಮಾಡುವವನಾಗಿ, ಅದು ಸಿಬ್ಬಂದಿ ವಿಭಾಗಕ್ಕೆ ಸೇರುತ್ತೆ ಅಂದರು. ಸಿಬ್ಬಂದಿ ವಿಭಾಗದವರು, ಅವನಿಗೆ ನೇಮಕಾತಿ ಪತ್ರವೇ ಇಲ್ಲ, ಬರುವುದು ಸ್ಟೈಪೆಂಡ್ ಮಾತ್ರ, ಆದ್ದರಿಂದ ವಿದ್ಯಾರ್ಥಿಯೇ ಅಂದರು. ಫೈಲು ಆ ಕಡೆ ಈ ಕಡೆ ಓಡಾಡುತ್ತಿರುವಾಗಲೇ ಅವನ ವೈವಾ ಮುಗಿದು, ಡಿಗ್ರಿ ಕೈಗೆ ಬಂದು, ಅವನು ಹೊರಟೇಹೋದ. ಕೊನೆಗೆ ಬಂದ ಉತ್ತರ: ಅವರು ಈಗ ನಮ್ಮ ವಿದ್ಯಾರ್ಥಿಯಲ್ಲ, ಕ್ರಮ ಕೈಗೊಳ್ಳಲು ಬರುವುದಿಲ್ಲ.

ವಿದ್ಯಾರ್ಥಿ ಶಿಸ್ತು ನಿಯಮ ಹಿಡಿಯುವುದು ವಿದ್ಯಾರ್ಥಿಯಾಗಿ ನೋಂದಾಯಿಸಿಕೊಂಡವರನ್ನು. ಸಾಮಾನ್ಯವಾಗಿ ರಜೆ ಮೇಲಿರುವವರೂ, ಪರೀಕ್ಷೆ ಮುಗಿಸಿ ರಿಸಲ್ಟ್‌ಗೆ ಕಾಯುತ್ತಿರುವವರೂ ಅದರೊಳಗೇ ಇರುತ್ತಾರೆ. ಹಾಸ್ಟೆಲ್, ಟ್ರಿಪ್, ಇಂಟರ್ನ್‌ಶಿಪ್, ಗ್ರೂಪ್ ಚಾಟ್, ಇವನ್ನೂ ಎಷ್ಟೋ ಕಡೆ ಸೇರಿಸಿರುತ್ತಾರೆ. ನೌಕರರಿಗೆ ಸೇವಾ ನಿಯಮ ಬೇರೆ. ಹೊರಗಿನವರನ್ನು ಕ್ಯಾಂಪಸ್ಸಿಗೆ ಬರಬೇಡಿ ಅನ್ನಬಹುದು, ಅಷ್ಟೇ. ಎರಡೂ ಕಡೆ ಕಾಲಿಟ್ಟಿರುವವರ ವಿಷಯದಲ್ಲಿ ಮಾತ್ರ ಯಾರೂ ಮುಂದೆ ಬರುವುದಿಲ್ಲ.

ಹಾಗಾಗಿ ಒಂದೇ ದೂರಿನಲ್ಲಿ ಎಲ್ಲ ತುಂಬಬೇಡಿ. ಕದ್ದ ಕೆಲಸಕ್ಕೆ ಒಂದು, ಬೆದರಿಕೆಗೆ ಒಂದು, ಬೇರೆ ಬೇರೆ ಕೊಡಿ. ಯಾವ ನಿಯಮದಡಿ ವಿಚಾರಣೆ ಮಾಡುತ್ತೀರಿ ಅಂತ ಬರಹದಲ್ಲೇ ಕೇಳಿ, ಬಾಯಿಮಾತು ನಂಬಬೇಡಿ. ವಿಚಾರಣೆ ಮುಗಿಯುವವರೆಗೆ ಡಿಗ್ರಿ ತಡೆಹಿಡಿಯಲು ಅವಕಾಶ ಇದೆಯಾ ಅಂತ ಮೊದಲ ಪತ್ರದಲ್ಲೇ ಕೇಳಿಬಿಡಿ, ಇದು ಬಹಳ ಮುಖ್ಯ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಇದು ಕೋರ್ಟ್ ಅಲ್ಲ, ದೂರು ಕೊಟ್ಟವರು ಇಲ್ಲಿ ಹೆಚ್ಚಿನ ಕಡೆ ಬರೀ ಸಾಕ್ಷಿ. ಆರೋಪ ಹೊತ್ತವರಿಗೆ ನೋಟಿಸ್, ಉತ್ತರ ಕೊಡುವ ಅವಕಾಶ, ಮೇಲ್ಮನವಿ ಎಲ್ಲ ಇರುತ್ತೆ. ಇರಲೇಬೇಕು ಕೂಡ. ಅಮೆರಿಕದ ಅಲಬಾಮಾದಲ್ಲಿ ಪ್ರತಿಭಟನೆ ಮಾಡಿದ್ದಕ್ಕೆ ವಿಚಾರಣೆಯೇ ಇಲ್ಲದೆ ಕಾಲೇಜಿನಿಂದ ಹೊರಬಿದ್ದ ಕಪ್ಪು ವಿದ್ಯಾರ್ಥಿಗಳು ಕೋರ್ಟಿಗೆ ಹೋಗಿ, ನೋಟಿಸ್ ಮತ್ತು ಉತ್ತರ ಕೊಡುವ ಅವಕಾಶದ ಹಕ್ಕನ್ನು ಅಲ್ಲಿ 1961ರಲ್ಲಿ ಗೆದ್ದುಕೊಂಡರು. ಆದರೆ ದೂರು ಕೊಟ್ಟವರಿಗೆ ಎಷ್ಟೋ ಕಡೆ ಏನು ಶಿಕ್ಷೆಯಾಯಿತು ಅಂತಲೂ ಹೇಳುವುದಿಲ್ಲ, ಗೌಪ್ಯ ಅಂತಾರೆ. ಅಪರಾಧ ನಡೆದಿದ್ದರೆ ಪೊಲೀಸ್ ದೂರು ಬೇರೆ ದಾರಿ, ಸಮಿತಿ ಮುಗಿಸಲಿ ಅಂತ ಕಾಯುತ್ತಾ ಕೂರಬೇಡಿ.

ಡಿಗ್ರಿ ಬಂದ ಮೇಲೂ ಒಂದು ಬಾಗಿಲು ತೆರೆದಿರುತ್ತೆ. ಥೀಸಿಸ್‌ನಲ್ಲಿ ಕದ್ದ ಮಾಹಿತಿ ಇದ್ದರೆ ಡಿಗ್ರಿ ವಾಪಸ್ ಪಡೆಯುವ ನಿಯಮ ಅನೇಕ ಯೂನಿವರ್ಸಿಟಿಗಳಲ್ಲಿದೆ, ಅದನ್ನು ನೋಡುವ ಸಮಿತಿಯೇ ಬೇರೆ. ನಾನೀಗ ಅಲ್ಲಿಗೆ ಬರೆದಿದ್ದೇನೆ. ಲ್ಯಾಬ್ ನೋಟ್‌ಬುಕ್ ತಂದುಕೊಡಿ ಅಂದರು. ನಿಮ್ಮನ್ನೂ ಕೇಳಿದರೆ ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸಹಿ, ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.